ದಾಳಿಂಬೆ ಗಿಡದ ಬುಡದಲ್ಲಿ ನಮ್ಮ ಗಡಿಗೆ

ಹೈದರಾಬಾದಿನಲ್ಲಿ ನನ್ನ ಮೊಮ್ಮಗ ನನ್ನನ್ನು ತೋರಿಸಿ ಮನೆ ಹಿಡಿದ. ಸಂತೆಯಲ್ಲಿ ಎಮ್ಮೆ ಕೊಳ್ಳುವವರು ನೋಡುತ್ತಾರಲ್ಲ, ಹಾಗೆ ಮನೆಯೊಡತಿ ರಾಜಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿ ತೆಲುಗಿನಲ್ಲಿ ಏನೋ ಅಂದಳು.

"ಏನಂತಾಳೋ?" ಎಂದು ಮೊಮ್ಮಗ ಈರಪ್ಪನನ್ನು ಕೇಳಿದೆ.

"ಒಂಟಿ ಹುಡುಗರಿಗೆ ಖೋಲಿ ಕೊಡಂಗಿಲ್ಲಂತ, ಆಯಿ. ನೀ ಇದ್ರ ಸಂಸಾರಸ್ಥರು ಅಂತ ಹಿಡೀತಾಳಂತ. ನೀ ಊರಿಗೆ ಹೋದ ದಿನ ನಾನೂ ಖಾಲಿ ಮಾಡಬೇಕಂತ."

ಮುದುಕಿಯೊಬ್ಬಳೇ ಸಂಸಾರವಾಗುವುದನ್ನು ನಾನು ಕಂಡದ್ದು ಅಲ್ಲಿಯೇ.

ಕುಷ್ಟಗಿಯಿಂದ ಹೊರಡುವಾಗ ಓಣಿಯವರು, "ಈ ವಯಸ್ಸಿಗೆ ಗುಳೆ ಹೊಂಟಿಯೇನಬೇ?" ಎಂದು ನಕ್ಕಿದ್ದರು. ಗುಳೆಯೇ ಸರಿ, ಕೂಲಿ ಹುಡುಕಿ ಹೋಗುವುದಲ್ಲ, ಓದಿನ ಗುಳೆ. ಈರಪ್ಪ ವಕೀಲನಾಗಬೇಕೆಂಬುದು ಅವನಪ್ಪನ ಹಟ, ಇತಿಹಾಸದಲ್ಲಿ ಎಂ.ಎ. ಮಾಡಬೇಕೆಂಬುದು ಅವನದು. ಕೊನೆಗೆ ಎರಡನ್ನೂ ಒಟ್ಟಿಗೆ ಹಿಡಿದ. ಬೆಳಗಾಗುತ್ತಲೇ ಕಾಯ್ದೆಯ ಪಾಠ, ಉಂಡು ಹೋದರೆ ಸಂಜೆಯವರೆಗೆ ಎಂ.ಎ. ಆಗ ನಿಜಾಮನ ಕಾಲ, ಎರಡೂ ಉರ್ದುವಿನಲ್ಲಿ. ಒಂದು ಬಂಡಿಗೆ ಎರಡು ಎತ್ತು ಹೂಡುವುದನ್ನು ನೋಡಿದ್ದೆ, ಎರಡು ಬಂಡಿಗೆ ಒಂದೇ ಎತ್ತು ಹೂಡಿದ್ದನ್ನು ನೋಡಿರಲಿಲ್ಲ. ರಾಜಮ್ಮನ ಮನೆಯಿಂದ ಎರಡೂ ಕಡೆಗೆ ನಡೆದು ಹೋಗಬಹುದಿತ್ತು. ಆ ಖೋಲಿ ಕೈತಪ್ಪಿದರೆ ಒಂದು ಓದನ್ನು ಬಿಡಲೇಬೇಕಿತ್ತು.

ರಾಜಮ್ಮನ ಕಟ್ಟಳೆಗಳು ಬೇರೆ. ಗೋಡೆಗೆ ಮೊಳೆ ಹೊಡೆಯಬಾರದು, ಹಿತ್ತಲಿನ ಮಣ್ಣು ಕೆದಕಬಾರದು. "ಅದಿ ಇಂಟಿವಾಳ್ಳದಿ" ಎಂದಳು. ಇಂಟಿವಾಳ್ಳು ಎಂದರೆ ಮನೆಯವರು. ನಾವು ಬಾಡಿಗೆಯವರು.

ನಮ್ಮಲ್ಲಿ ಬಾವಿ ನಮಗಾಗಿ ಕಾಯುತ್ತದೆ, ಅಲ್ಲಿ ನಳಕ್ಕಾಗಿ ನಾವು ಕಾಯಬೇಕು. ಜೋಳ ಸಿಗುತ್ತಿತ್ತು, ನಮ್ಮ ಜೋಳದ ಜಿಗಿ ಅದಕ್ಕಿರಲಿಲ್ಲ. ಬಡಿಯುತ್ತಿದ್ದಂತೆ ರೊಟ್ಟಿ ಹರಿಯುತ್ತಿತ್ತು. ಕುಷ್ಟಗಿಯಲ್ಲಿ ಜಗಳಕ್ಕಾದರೂ ಜನ ಇದ್ದರು. ಇಲ್ಲಿ ಬೈಯಬೇಕೆಂದರೂ ಭಾಷೆ ಬೇಕಲ್ಲ! ನನಗೆ ತೆಲುಗು ಬಾರದು, ರಾಜಮ್ಮನಿಗೆ ಕನ್ನಡ ಬಾರದು. ಸಂತೆಯಲ್ಲಿ ಕಲಿತ ಅಷ್ಟಿಷ್ಟು ಉರ್ದುವಿನಲ್ಲಿ ಇಬ್ಬರೂ ದಿನ ನೂಕಿದೆವು.

ಕಡೆಯ ಪರೀಕ್ಷೆಗಳು ಹತ್ತಿರ ಬಂದಾಗಲೇ ಈರಪ್ಪನ ತಂಗಿ ನೀಲವ್ವನ ಚೊಚ್ಚಲ ಹೆರಿಗೆಯೂ ಹತ್ತಿರವಾಯಿತು. ತಾಯಿ ಇಲ್ಲದ ಮಕ್ಕಳು, ಇಬ್ಬರನ್ನೂ ಬೆಳೆಸಿದವಳು ನಾನು. ಬಾಣಂತನ ನನ್ನದೇ. ಊರಿಗೆ ಹೋಗಿ ಕೂತರೆ ಖೋಲಿ ಹೋಗುತ್ತದೆ, ಹೋಗದಿದ್ದರೆ ಹುಡುಗಿಗೆ ತವರಿಲ್ಲ. ಕುಬಸಕ್ಕೆ, ಎಂದರೆ ಸೀಮಂತಕ್ಕೆ, ಅವಳ ಗಂಡನ ಊರು ಯಲಬುರ್ಗಾಕ್ಕೆ ಹೋಗಿಬರಲು ರಾಜಮ್ಮ ಹೇಗೋ ಒಪ್ಪಿದಳು. ಅಲ್ಲಿ ಉಡಿ ತುಂಬಿದ ಮೇಲೆ, ಹುಡುಗಿಯನ್ನು ಹೈದರಾಬಾದಿಗೆ ಕರೆದೊಯ್ಯುತ್ತೇನೆ ಎಂದೆ.

ನೀಲವ್ವನ ಅತ್ತೆ, ನಮ್ಮ ಬೀಗತಿ, ಉರಿದುಬಿದ್ದಳು. "ಬಾಡಿಗಿ ಮನ್ಯಾಗ ಬಾಣಂತನ ಮಾಡ್ತೀರೇನ್ರಿ? ಹುಡುಗಿಗೆ ತವರುಮನಿ ಇಲ್ಲೇನು?"

"ತವರುಮನಿ ಅಂದ್ರ ಗ್ವಾಡಿ ಅಲ್ರಿ. ನಾ ಎಲ್ಲಿ ಅದೀನೋ ಅಲ್ಲೇ ಅಕಿ ತವರುಮನಿ. ಬೇಕಂದ್ರ ನೀವೂ ಬರ್ರಿ, ಅರಿವಿ ಒಗಿಯಾಕ ಮಂದಿ ಬೇಕಾಗ್ಯಾರ."

ಆಕೆ ಬರಲಿಲ್ಲ. ಕೊಪ್ಪಳದಲ್ಲಿ ರೈಲು ಹತ್ತಿ, ಗುಂತಕಲ್ಲಿನಲ್ಲಿ ಬದಲಿಸಿ, ತುಂಬಿದ ಬಸುರಿಯನ್ನೂ ಒಂದು ಚೀಲ ಬೆಳ್ಳುಳ್ಳಿ, ಒಣಕೊಬ್ಬರಿಯನ್ನೂ ತಂದು ಆ ಖೋಲಿಯಲ್ಲಿ ಇಳಿಸಿದೆ. ರಾಜಮ್ಮ ಬಸುರಿಯ ಹೊಟ್ಟೆ ನೋಡಿ ಒಳಗೆ ಹೋದಳು.

ಈರಪ್ಪ ಕಾಯ್ದೆಯ ಪರೀಕ್ಷೆಗೆ ಹೊರಟು ನಿಂತ ಬೆಳಗ್ಗೆಯೇ ನೀಲವ್ವನಿಗೆ ನೋವು ಹತ್ತಿತು. ಅವನು ಹೊಸ್ತಿಲಲ್ಲೇ ನಿಂತುಬಿಟ್ಟ.

"ಆಯಿ, ಹೆಂಗ್ ಹೋಗ್ಲಿ?"

"ನೀ ಇದ್ದು ಏನ್ ಮಾಡ್ತೀಯೋ? ಹಡಿಯಾಕಿ ಅಕಿ, ಬರಿಯಾವ ನೀ. ಅಕಿ ಕೆಲಸ ಅಕಿ ಮಾಡ್ತಾಳ, ನಿನ್ನ ಕೆಲಸ ನೀ ನೋಡು, ಹೋಗು."

ಸೂಲಗಿತ್ತಿಯನ್ನು ಕರೆತಂದವಳು ರಾಜಮ್ಮ. ನೀರು ಕಾಸಿದವಳೂ ಅವಳೇ. ಹೊತ್ತೇರುವಷ್ಟರಲ್ಲಿ ಗಂಡುಕೂಸು ಹುಟ್ಟಿತು, ತಾಯಿಗೂ ಸುಖವಾಗಿತ್ತು.

ಉಳಿದದ್ದು ಕೂಸಿನ ಹಿಂದೆ ಬೀಳುವ ಮಾಸು. ಗಡಿಗೆಯಲ್ಲಿಟ್ಟು ಮನೆಯ ಹಿತ್ತಲಲ್ಲಿ ಹೂಳುವುದು ನಮ್ಮ ಪದ್ಧತಿ. ಕುಷ್ಟಗಿಯಲ್ಲಾದರೆ ಯಾರನ್ನೂ ಕೇಳಬೇಕಿಲ್ಲ. ಇಲ್ಲಿ ಹಿತ್ತಲಿಗೆಲ್ಲ ಕಲ್ಲು ಹಾಸಿದ್ದರು, ಮಣ್ಣಿದ್ದದ್ದು ರಾಜಮ್ಮನ ದಾಳಿಂಬೆ ಗಿಡದ ಬುಡದಲ್ಲಿ ಮಾತ್ರ. ಎಲ್ಲೋ ಬಯಲಿಗೆ ಒಯ್ದರೆ ನಾಯಿಗಳು ಎಳೆಯುತ್ತವೆ. ಗಡಿಗೆ ಹಿಡಿದು ಆಕೆಯ ಮುಂದೆ ನಿಂತೆ. ಖೋಲಿ ಹೋದರೆ ಹೋಗಲಿ ಎನ್ನುವಷ್ಟು ಸಾಕಾಗಿತ್ತು ನನಗೆ.

ತೆಲುಗರಲ್ಲೂ ಅದೇ ಪದ್ಧತಿ, ಬಿಡಿಸಿ ಹೇಳಬೇಕಾಗಲಿಲ್ಲ. ಆಕೆ ಗಡಿಗೆಯನ್ನು ನೋಡಿದಳು, ಗಿಡವನ್ನು ನೋಡಿದಳು. ಒಳಗೆ ಹೋಗಿ ಹಾರೆ ತಂದಳು. ನನ್ನ ಕೈಗೆ ಕೊಡದೆ ತಾನೇ ಅಗೆದಳು. ಸಾಕು ಎಂದರೆ "ಲೋತುಗಾ" ಎಂದಳು. ಆಳವಾಗಿರಲಿ ಎಂದು.

ಮಧ್ಯಾಹ್ನ ಬಂದ ಈರಪ್ಪ ಹಸಿ ಮಣ್ಣು ನೋಡಿ ನಕ್ಕ. "ಇವತ್ತಿನ ಪರೀಕ್ಷಿ ಜಮೀನಿನ ಕಬ್ಜಾದ ಮ್ಯಾಲೇ ಇತ್ತು, ಆಯಿ. ನಾ ಬರ್ದು ಬರೋದ್ರೊಳಗ ನೀ ಕಬ್ಜಾ ಮಾಡೇ ಬಿಟ್ಟೀ!"

"ಬಾಯ್ ಮುಚ್ಚು, ಕೂಸಿನ ಅರಿವಿ ಹಿಂಡು."

ಎಂ.ಎ. ಪರೀಕ್ಷೆಗೆ ಅವನು ತೊಟ್ಟಿಲ ಹಗ್ಗವನ್ನು ಕಾಲ್ಬೆರಳಿಗೆ ಸಿಕ್ಕಿಸಿಕೊಂಡು ಓದಿದ. ಬಾದಶಹರ ಕಾಳಗಗಳನ್ನು ಕೂಸು ಜೋಗುಳದಂತೆ ಕೇಳಿ ಮಲಗುತ್ತಿತ್ತು. ಎರಡರಲ್ಲೂ ಪಾಸಾದ. ಅಂದು ನಾನು ಮಧ್ಯಾಹ್ನವೇ ಮಲಗಿ ನಿದ್ದೆ ಮಾಡಿದೆ, ನಳ ಬಂದು ಹೋದದ್ದೂ ತಿಳಿಯಲಿಲ್ಲ. ನಮ್ಮ ಕೊಡವನ್ನೂ ರಾಜಮ್ಮನೇ ತುಂಬಿಟ್ಟಿದ್ದಳು.

ಈರಪ್ಪ ಅಲ್ಲೇ ಒಬ್ಬ ವಕೀಲರ ಕೈಕೆಳಗೆ ಕೆಲಸ ಹಿಡಿದ. ಇನ್ನೂ ಎಷ್ಟು ದಿನ ನಾನು ಸಂಸಾರವಾಗಿ ಕೂರಬೇಕೋ ಎಂದು ಕೇಳಿದ್ದಕ್ಕೆ ರಾಜಮ್ಮ ಕೈ ಬೀಸಿದಳು. ನೀನು ಹೋಗು, ಹುಡುಗ ಇರಲಿ, ಅವನು ಇಂಟಿವಾಡು, ಮನೆಯವನು ಎಂದಳು.

ನೀಲವ್ವನನ್ನೂ ಕೂಸನ್ನೂ ಯಲಬುರ್ಗಾಕ್ಕೆ ಮುಟ್ಟಿಸಿ ಊರಿಗೆ ಬಂದೆ. ಈಗ ಕುಷ್ಟಗಿಯಲ್ಲಿ ರೊಟ್ಟಿ ಹರಿಯುವುದಿಲ್ಲ, ಬೈಯಲು ಜನರ ಕೊರತೆಯಿಲ್ಲ. ಹೈದರಾಬಾದಿನಲ್ಲಿ ಮತ್ತೆ ಇರು ಎಂದರೆ ನಾನು ಇರುವವಳಲ್ಲ. ಆದರೂ ಮನೆಯವರನ್ನು ಎಣಿಸಲು ಕೂತಾಗ ಆ ಮುಂಗೋಪಿ ರಾಜಮ್ಮನ ಹಿತ್ತಲನ್ನು ಬಿಟ್ಟು ಎಣಿಸಲು ಬರುವುದಿಲ್ಲ. ಹೂತ ಗಡಿಗೆಯನ್ನು ಅಗೆದು ವಾಪಸು ತರುವ ಕಾಯ್ದೆ ಏನಾದರೂ ಇದೆಯೇ ಎಂದು, ಊರಿಗೆ ಬಂದಿದ್ದ ಈರಪ್ಪನನ್ನು ಕೇಳಿದೆ. ತಾನು ಓದಿದ ಎರಡು ಓದಿನಲ್ಲೂ ಇಲ್ಲ ಎಂದ.