ನಾಗವೇಣಿಯ ಅತ್ತೆಗೆ ನಾನು ಹೇಳಿದ್ದು

ನಾಗವೇಣಿಯ ಮಗಳನ್ನು ಅವಳಿಂದ ದೂರ ಇಟ್ಟವಳು ನಾನು. ಅವಳ ಅತ್ತೆಯಲ್ಲ, ಬಿಟ್ಟುಹೋದ ಗಂಡನೂ ಅಲ್ಲ — ನಾನು. ಇದನ್ನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ.

ಶಿರಸಿಯಲ್ಲಿ ನನ್ನದೊಂದು ಹೊಲಿಗೆ ಅಂಗಡಿ ಇದೆ. ಶಾಲೆಗಳಿಗೆ ಸಮವಸ್ತ್ರ ಹೊಲಿದು ಕೊಡುತ್ತೇವೆ. ನಾಗವೇಣಿಯನ್ನು ಯಲ್ಲಾಪುರದಿಂದ ಕರೆತಂದವನು ಅವಳ ಅಣ್ಣ. ಹೆರಿಗೆಯಾದ ಮೇಲೆ ಅವಳಿಗೆ ಮಾನಸಿಕ ಕಾಯಿಲೆ ಬಂದಿತ್ತು; ಧಾರವಾಡದಲ್ಲಿ ಬಹಳ ಕಾಲ ಚಿಕಿತ್ಸೆಯಾಯಿತು. ಅಷ್ಟರಲ್ಲಿ ಗಂಡ ಬೇರೆ ಸಂಸಾರ ಹೂಡಿದ್ದ. ಮಗಳು ಚೈತ್ರಾ ಸಿದ್ದಾಪುರದ ಕಡೆಯ ಹೇರೂರಿನಲ್ಲಿ, ಗಂಡನ ತಾಯಿಯ ಹತ್ತಿರ ಬೆಳೆಯುತ್ತಿದ್ದಳು.

“ಈಗ ಗುಣ ಆಗಿದೆ. ಕೈಗೊಂದು ಕೆಲಸ ಇದ್ರೆ ನಿಂತ್ಕೊಳ್ತಾಳೆ,” ಎಂದ ಅಣ್ಣ.

ಒಪ್ಪಿಕೊಂಡೆ. ಒಪ್ಪಿದ ದಿನದಿಂದಲೇ ಅವಳ ಮೇಲೆ ಕಣ್ಣಿಟ್ಟೆ.

ಕಣ್ಣಿಡುವುದು ಎಂದರೆ — ಕತ್ತರಿ ಎಲ್ಲಿದೆ ಎಂದು ನೋಡುವುದು. ಸುಮ್ಮನಿದ್ದರೆ ಯಾಕೆ ಸುಮ್ಮನಿದ್ದಾಳೆ, ನಕ್ಕರೆ ಯಾಕೆ ನಕ್ಕಳು ಎಂದು ಯೋಚಿಸುವುದು. ಮಧ್ಯಾಹ್ನ ಊಟ ಮುಗಿಸಿ ಹಿತ್ತಿಲ ಬಾಗಿಲಲ್ಲಿ ನಿಂತು ಅವಳು ಒಬ್ಬಳೇ ಏನೋ ಗುನುಗುತ್ತಿದ್ದಳು. ಹಾಡೋ, ಮಾತೋ... ಕೇಳಬಹುದಿತ್ತು; ಕೇಳಲಿಲ್ಲ. ಒಮ್ಮೆ ಅವಳು ಕೈ ತೊಳೆಯಲು ಹೋದಾಗ ಅವಳ ಚೀಲಕ್ಕೇ ಕೈ ಹಾಕಿದೆ. ಒಂದು ಬಾಚಣಿಗೆ, ಕರ್ಚೀಫು, ಮಾತ್ರೆಗಳು. ಗುಣವಾಗಿದ್ದರೆ ಮಾತ್ರೆ ಯಾಕೆ ಎಂದುಕೊಂಡೆ. ನನ್ನ ಬಿಪಿ ಮಾತ್ರೆ ಅಲ್ಲೇ ಮೇಜಿನ ಮೇಲೆ ಬಿದ್ದಿತ್ತು — ಅದು ಆಗ ನನಗೆ ಹೊಳೆಯಲಿಲ್ಲ.

ಕಣ್ಣಿಗೆ ಕಾಣುತ್ತಿದ್ದುದು ಬೇರೆಯೇ. ಮೊದಮೊದಲು ಗುಂಡಿ ಹಚ್ಚಲೂ ಒದ್ದಾಡುತ್ತಿದ್ದವಳು ಮಳೆಗಾಲ ಕಳೆಯುವಷ್ಟರಲ್ಲಿ ಕಾಲರು ಕೂರಿಸುತ್ತಿದ್ದಳು. ಊಟ ಹತ್ತಿತು, ನಿದ್ದೆ ಹತ್ತಿತು. ಅಂಗಡಿಯ ಉಳಿದ ಹೆಂಗಸರ ಜೊತೆ ಸಂತೆಗೆ ಹೋಗತೊಡಗಿದಳು. ಮರುವರ್ಷ ತನ್ನದೇ ಒಂದು ರೂಮು ಮಾಡಿಕೊಂಡಳು. ಮಗಳು ಬಂದರೆ ಓದಲಿಕ್ಕೆ ಬೇಕು ಎಂದು ಕಿಟಕಿಯ ಹತ್ತಿರ ಒಂದು ಸಣ್ಣ ಮೇಜನ್ನೂ ಹಾಕಿಸಿದಳು.

“ಅಕ್ಕಾ, ಬೆಳಿಗ್ಗೆ ಎದ್ದರೆ ಹೋಗೋಕೆ ಒಂದು ಜಾಗ ಇದೆ ಅನ್ನೋದೇ...” ಎಂದು ಒಮ್ಮೆ ಶುರು ಮಾಡಿ, ಮುಗಿಸಲಾರದೆ ನಕ್ಕಿದ್ದಳು. ಆ ನಗುವನ್ನೂ ನಾನು ಅನುಮಾನಿಸಿದೆ.

ಆ ಬೇಸಿಗೆಯಲ್ಲಿ ಅವಳ ಅತ್ತೆ ಅಂಗಡಿಗೆ ಬಂದರು. ನಾಗವೇಣಿ ದಾರ ತರಲು ಹೋಗಿದ್ದಳು. ಅವಳಿಲ್ಲದ ಹೊತ್ತು ನೋಡಿಯೇ ಬಂದಿದ್ದರೇನೋ.

“ತಂಗೀ, ಮೊಮ್ಮಗಳನ್ನ ಅವಳ ಹತ್ರ ಬಿಡವು ಹೇಳಿ ಮಾಡಿದ್ದು. ಎಂಗೂ ವಯಸ್ಸಾತು. ದಿನಾ ನೋಡ್ತೆ ನೀನು — ನಿಂಗೆ ಎಂತ ಕಾಣ್ತು?”

ಮಗುವನ್ನು ತಾಯಿಯ ಹತ್ತಿರ ಬಿಡಲು ಅವರು ಮನಸ್ಸು ಮಾಡಿದ್ದರು; ನನ್ನ ಒಂದೇ ಮಾತು ಸಾಕಿತ್ತು. ಬಿಡಿ, ಅವಳು ಚೆನ್ನಾಗಿದ್ದಾಳೆ — ಇಷ್ಟೇ. ನಾನು ಹೇಳಿದ್ದು:

“ನನ್ನ ಮಗುವಾಗಿದ್ರೆ ನಾನು ಬಿಡ್ತಿರಲಿಲ್ಲ.”

ಅವರು ಚಹಾ ಅರ್ಧಕ್ಕೇ ಇಟ್ಟು ಎದ್ದರು. “ಆನು ಬಂದಿದ್ದು ಅವಳತ್ರ ಹೇಳಡ,” ಎಂದರು. ಹೇಳಲಿಲ್ಲ. ಹೇಳದಿರುವುದು ನನಗೇ ಅನುಕೂಲವಾಗಿತ್ತು.

ಮಗುವಿನ ಮೇಲಿನ ಕಾಳಜಿಯಿಂದ ಆಡಿದ ಮಾತು ಎಂದು ಬಹಳ ಕಾಲ ನಂಬಿದ್ದೆ. ಆದರೆ ಶಾಲೆ ಶುರುವಾಗುವ ಹೊತ್ತು ಹತ್ತಿರ ಬಂದಿತ್ತು, ಹೊಲಿಯದ ಬಟ್ಟೆ ಗುಡ್ಡೆ ಬಿದ್ದಿತ್ತು, ಅವಳಷ್ಟು ಚೆಂದ ಹೊಲಿಯುವವರು ಬೇರೆ ಇರಲಿಲ್ಲ. ಮಗಳು ಬಂದರೆ ಸಂಜೆ ಬೇಗ ಹೊರಡುತ್ತಾಳೆ ಎಂಬ ಲೆಕ್ಕ ನನ್ನ ತಲೆಯಲ್ಲಿ ಆಗ — ಇರಲಿಲ್ಲ ಎಂದು ಹೇಳಲಾರೆ. ಅವಳನ್ನು ನಂಬದವಳು ಈಗ ನನ್ನನ್ನೇ ನಂಬದಂತಾಗಿದ್ದೇನೆ.

ಮಗಳನ್ನು ಕಳಿಸುವುದಿಲ್ಲ ಎಂಬ ಸುದ್ದಿ ಹೇರೂರಿನಿಂದ ಬಂತು. ನಾಗವೇಣಿ ಈಗ ಕುಸಿಯುತ್ತಾಳೆ ಎಂದು ಕಾದೆ. ಕುಸಿದರೆ ನನ್ನ ಮಾತು ನಿಜವಾಗುತ್ತದಲ್ಲ... ಹಾಗೆ ಆಸೆಪಟ್ಟದ್ದೂ ಉಂಟು. ಅವಳು ಮರುದಿನವೂ ಬಂದಳು. ಅದರ ಮರುದಿನವೂ. ಅಳುತ್ತ ಹೊಲಿದಳು, ಆದರೆ ಹೊಲಿದಳು. ಆ ವರ್ಷ ಅವಳನ್ನು ಹಿಡಿದು ನಿಲ್ಲಿಸಿದ್ದು ಆ ಕೆಲಸವೇ ಹೊರತು ನಾನಲ್ಲ.

ಈಗ ಬಟ್ಟೆ ಕತ್ತರಿಸುವ ಕೆಲಸವೆಲ್ಲ ಅವಳದೇ. ಹೊಸಬರಿಗೆ ಕಲಿಸುವವಳೂ ಅವಳೇ. ಈ ವರ್ಷ ಚೈತ್ರಾ ಶಿರಸಿಯಲ್ಲೇ ಕಾಲೇಜು ಸೇರಿದಳು — ಅಮ್ಮನ ರೂಮಿಗಲ್ಲ, ಹಾಸ್ಟೆಲಿಗೆ. ಹಬ್ಬಕ್ಕೆ ಬಂದರೂ ನೆಂಟರ ಹಾಗೆ ಕೂತು ಹೋಗುತ್ತಾಳಂತೆ.

ಕಳೆದ ತಿಂಗಳು, ಕೆಲಸ ಕೇಳಿಕೊಂಡು ಬಂದ ಹೆಂಗಸೊಬ್ಬಳಿಗೆ ನಾಗವೇಣಿ ಹೇಳುತ್ತಿದ್ದಳು: “ಹೆದರಬೇಡ. ಈ ಅಕ್ಕ ನನ್ನನ್ನ ನಂಬಿದ್ದಕ್ಕೇ ನಾನು ಬದುಕಿಕೊಂಡೆ.”

ನಂಬಿದ್ದಕ್ಕೆ! ಆ ಮಾತನ್ನು ತಡೆದುಕೊಳ್ಳಲಾಗಲಿಲ್ಲ. ಸಂಜೆ ಎಲ್ಲರೂ ಹೋದ ಮೇಲೆ ಅವಳನ್ನು ಕೂರಿಸಿಕೊಂಡು ಎಲ್ಲ ಹೇಳಿಬಿಟ್ಟೆ. ಚೀಲಕ್ಕೆ ಕೈ ಹಾಕಿದ್ದನ್ನೂ.

ಅವಳು ಕೈಯಲ್ಲಿದ್ದ ಕತ್ತರಿಯನ್ನು ಮೇಜಿನ ಮೇಲಿಟ್ಟಳು. ಆಮೇಲೆ, “ಅತ್ತೆ ಆಗ ಕಳಿಸೋಕೆ ತಯಾರಿದ್ರಾ?” ಎಂದಳು.

“ಹೌದು.”

“ನಂಗೆ ಹೇಳಿದ್ರೆ ಸಾಲದು. ಚೈತ್ರಾಗೆ ಹೇಳಿ. ನಾನೇ ಅವಳನ್ನ ಬೇಡ ಅಂದೆ ಅಂತ ತಿಳ್ಕಂಡಿದ್ದಾಳೆ ಅವಳು.”

ಭಾನುವಾರ ಇಬ್ಬರೂ ಹಾಸ್ಟೆಲಿಗೆ ಹೋದೆವು. ಹುಡುಗಿಯನ್ನು ಹೊರಗಿನ ಕಟ್ಟೆಯ ಮೇಲೆ ಕೂರಿಸಿ ಹೇಳಿದೆ. ಒಂದು ಮಾತನ್ನೂ ಮೆತ್ತಗೆ ಮಾಡಲಿಲ್ಲ. ಕ್ಷಮೆ ಕೇಳಲು ಬಾಯಿ ಬರಲಿಲ್ಲ, ಕೇಳುವ ಹಕ್ಕೂ ಇರಲಿಲ್ಲ. ಅವಳು ನನ್ನ ಕಡೆ ನೋಡಲೇ ಇಲ್ಲ. ತಾಯಿಯತ್ತ ತಿರುಗಿದಳು.

“ಹಂಗಾರೆ ನೀನು ಬೇಡ ಹೇಳಿದ್ದಿಲ್ಯಾ, ಆಯಿ?”

“ಇಲ್ಲೆ ಮಗಾ.”

ನಾನು ಎದ್ದು ಗೇಟಿನ ಕಡೆ ನಡೆದೆ. ಯಾರೂ ಕರೆಯಲಿಲ್ಲ. ಕರೆಯಬೇಕಾಗಿಯೂ ಇರಲಿಲ್ಲ.