ಒಳಪುಟದಲ್ಲಿ ಮಾಯವಾದ ಹೆಣ್ಣುಗಳು

ಕಂಪ್ಯೂಟರಿಗೆ ಏನೂ ಆಗಿರಲಿಲ್ಲ; ದಾರಿ ಹೇಳಲು ಬಾರದ ನಮ್ಮ ವಂಶದ ಗುಣ ಮೊಮ್ಮಗಳಿಗೂ ಬಂದಿತ್ತು, ನಡೆದದ್ದು ಇಷ್ಟೇ.

ವಿದ್ಯಾರಣ್ಯಪುರಂನ ನಮ್ಮ ಬೀದಿಯಲ್ಲಿ ವಧೂವರ ಕೇಂದ್ರ ನಡೆಸುವ ಶಿವಣ್ಣನವರಿಗೆ ತಮ್ಮ ಆಲ್ಬಮ್ಮು ಇಂಟರ್‌ನೆಟ್ಟಿಗೆ ಏರಬೇಕೆನಿಸಿ, ಆ ಕೆಲಸವನ್ನು ನನ್ನ ಮೊಮ್ಮಗಳು ಗೌರಿಗೆ ಒಪ್ಪಿಸಿದ್ದರು. ಅವಳಪ್ಪ, ಅಂದರೆ ನನ್ನ ಮಗ, ಷರತ್ತು ಹಾಕಿದ್ದ: ಉದ್ಘಾಟನೆಯ ಹೊತ್ತಿಗೆ ಸೈಟು ಸರಿಯಾದರೆ ಅವಳು ಕೆಲಸಕ್ಕೆ ಹೋಗಲಿ, ಇಲ್ಲವಾದರೆ ಅದೇ ಆಲ್ಬಮ್ಮಿನಲ್ಲಿರುವ ಅವಳ ಜಾತಕಕ್ಕೆ ಹೊಂದುವ ಮೊದಲ ಗಂಡಿಗೆ ಹೂಂ ಅನ್ನಲಿ.

ಉದ್ಘಾಟನೆಯ ಹಿಂದಿನ ದಿನ ನೋಡಿದರೆ, ಮೊದಲ ಪುಟದಲ್ಲಿ ನಗುವ ಹುಡುಗಿಯರು ಹೆಸರು ಒತ್ತಿ ಒಳಪುಟಕ್ಕೆ ಹೋದೊಡನೆ ಮಾಯ. ನಕ್ಷತ್ರ, ಎತ್ತರ, ಅಪ್ಪನ ಉದ್ಯೋಗ ಎಲ್ಲ ಇದೆ. ಮುಖದ ಜಾಗದಲ್ಲಿ ಕೆಂಪು ಗುಣಿಸು ಗುರುತು. ಗಂಡಿನ ಕಡೆಯವರು ವಿಚಾರಿಸುವುದೇ ಅಷ್ಟಾದ್ದರಿಂದ ಮುಖವಿಲ್ಲದೆಯೂ ನಡೆದೀತೆಂದು ನನಗನ್ನಿಸಿತು. ನೀವೇ ಹೇಳಿ, ತಪ್ಪೇ?

ಶಿವಣ್ಣನವರು ವಾಸ್ತುದೋಷವೆಂದು ಮೇಜನ್ನು ಪೂರ್ವಕ್ಕೆ ತಿರುಗಿಸಿ ಕಂಪ್ಯೂಟರಿಗೆ ವಿಭೂತಿ ಹಚ್ಚಿದರು. ಮಗ ಪಂಚಾಂಗ ತೆಗೆದ. ಗೌರಿ ಊಟ ಬಿಟ್ಟಳು. ನಾಲ್ಕನೇ ಕ್ಲಾಸಿಗೇ ಸರಸ್ವತಿಯ ಕೈಬಿಟ್ಟ ನಾನು, ಫೋಟೋ ಎಲ್ಲಿದೆಯೆಂದು ಆ ಪುಟಕ್ಕೆ ಹೇಳುವವರು ಯಾರು ಎಂದು ಕೇಳಿದೆ.

"ಟೆಂಪ್ಲೇಟಲ್ಲಿ ಬರ್ದಿದೀನಿ ಅಜ್ಜಿ, ಪಕ್ಕದ ಫೋಲ್ಡರಲ್ಲಿದೆ ಅಂತ. ಎಲ್ಲಾ ಪುಟಾನೂ ಆ ಒಂದೇ ಅಚ್ಚಿಂದ ಬರೋದು."

"ಪಕ್ಕ ಅಂದ್ರೆ ಯಾರ ಪಕ್ಕ ಕಣೇ? ಒಳಗೋದ ಮೇಲೆ ಪಕ್ಕದ ಮನೆ ಬೇರೆ ಆಗೋಯ್ತಲ್ಲ."

ಇದು ಬುದ್ಧಿಯಿಂದ ಹೊಳೆದದ್ದಲ್ಲ. ನನ್ನ ತಂಗಿಯನ್ನು ನೋಡಲು ಬರುವವರಿಗೆ ನಮ್ಮಪ್ಪ 'ಎಡಕ್ಕೆ ಮೂರನೇ ಮನೆ' ಎಂದಷ್ಟೇ ಹೇಳಿಕಳಿಸಿದ್ದರು. ಅವರು ಬೀದಿಯ ಆ ತುದಿಯಿಂದ ಬಂದು, ಯಾರದೋ ಮನೆಯ ಉಪ್ಪಿಟ್ಟು ತಿಂದು, ಆ ಮನೆಯ ಹುಡುಗಿಯನ್ನೇ ಒಪ್ಪಿ ಹೋದರು. ಆ ಜೋಡಿ ಸುಖವಾಗಿಯೇ ಇದೆ. ಅದರಿಂದ ನನ್ನ ತಂಗಿಗೇನು ಬಂತು?

ಗೌರಿ 'ಪಕ್ಕ'ವನ್ನು ಅಳಿಸಿ, ಎಲ್ಲಿ ನಿಂತು ಓದಿದರೂ ಒಂದೇ ಆಗುವಂತೆ ಬುಡದಿಂದ ಪೂರ್ತಿ ವಿಳಾಸ ಬರೆದಳು. ಮುಖಗಳು ಒಂದೊಂದಾಗಿ ಬಂದವು. ಸಂಜೆ ನೋಡಿದ ಶಿವಣ್ಣನವರು, ಮೇಜು ತಿರುಗಿಸಿದ್ದು ಒಳ್ಳೆಯದಾಯಿತೆಂದರು. ಮಗನಂತೂ ಕೊಟ್ಟ ಮಾತನ್ನು ಮೆಲ್ಲಗೆ ನುಂಗಿಕೊಂಡು, ನನ್ನತ್ತ ತಿರುಗಿದ. "ಮದ್ವೆ ಆದ್ಮೇಲೂ ಕೆಲ್ಸ ಮಾಡ್ಬೋದಲ್ಲಮ್ಮ," ಅಂದ.

ನಾನು ಮರುದಿನ ಬೆಳಗ್ಗೆ ಗೌರಿಯನ್ನು ಎಬ್ಬಿಸಿ, ಸೈಟಿನಲ್ಲಿದ್ದ ಅವಳ ಪುಟವನ್ನು ಅವಳ ಕೈಯಿಂದಲೇ ಅಳಿಸಿಸಿ, ಶಿವಣ್ಣನವರು ರಿಬ್ಬನ್ನು ಕಟ್ಟುವುದರೊಳಗೆ ಕೇಂದ್ರಕ್ಕೆ ಹೋಗಿ, ಆಲ್ಬಮ್ಮಿನಿಂದ ಅವಳ ಫೋಟೋ, ಜಾತಕ ಎರಡನ್ನೂ ಕಿತ್ತುಕೊಂಡು ಬಂದೆ.