ಕೋಷ್ಟಕದ ಖಾಲಿ ಜಾಗಕ್ಕೂ ಹೊಣೆಯಾದವರು

ಬೈಲಹೊಂಗಲದ ನಮ್ಮ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರವೆಂದರೆ ಪ್ರೊ. ಪ್ರಿಯಂವದಾ ಜಹಗೀರದಾರ ಎನ್ನುವಷ್ಟರ ಮಟ್ಟಿಗೆ ಆ ವಿಷಯಕ್ಕೆ ಅವರ ಹೆಸರು ಅಂಟಿಕೊಂಡಿದೆ. ಕಿತ್ತೂರು, ಸವದತ್ತಿಗಳ ಕಡೆಯಿಂದ ಲೆಕ್ಕವೆಂದರೆ ಬೆವರುತ್ತ ಬಂದ ನಮ್ಮಂಥವರಿಗೆ ‘ಆರ್’ ಎಂಬ ಸಂಖ್ಯಾಶಾಸ್ತ್ರದ ಕಂಪ್ಯೂಟರ್ ಭಾಷೆಯನ್ನು ಕಲಿಸಿ ಇದೀಗ ನಿವೃತ್ತರಾಗುತ್ತಿರುವ ಅವರ ಬಗ್ಗೆ ಬರೆಯಲು ಕುಳಿತರೆ, ಅವರ ವಿದ್ಯಾರ್ಥಿಯಾಗಿದ್ದು ಈಗ ಅವರದೇ ವಿಭಾಗದಲ್ಲಿ ಪಾಠ ಹೇಳುವ ನಾನು ಇಂದಿಗೂ ಪ್ರತಿ ಸಾಲನ್ನೂ ಎರಡೆರಡು ಸಲ ತಿದ್ದುತ್ತೇನೆ.

ಉತ್ತರ ಸರಿ ಬಂದರೆ ಕೆಲಸ ಮುಗಿಯಿತೆಂದು ನಾವು ತಿಳಿದಿದ್ದೆವು. ಮೇಡಂ ಅವರ ಕೆಲಸ ಶುರುವಾಗುತ್ತಿದ್ದುದೇ ಅಲ್ಲಿಂದ. ಕೋಷ್ಟಕ ಅಚ್ಚಾಗಿ ಬಂದಾಗ ದಶಾಂಶ ಬಿಂದುಗಳು ಒಂದರ ಕೆಳಗೊಂದು ನಿಲ್ಲಬೇಕು, ಬೇಡದ ಅಂಕಿಗಳು ಇಣುಕಬಾರದು, ಅಗಲ ಸಾಲದೆ ಕೊನೆಯ ಕಾಲಂ ಕೆಳಗೆ ಜಾರಬಾರದು. “ಇದನ್ನ ಓದಾವರು ನೀವಲ್ಲ,” ಎಂದು ಕಾಗದ ಹಿಂದಿರುಗಿಸುತ್ತಿದ್ದರು. ನಾವು ಬೆನ್ನ ಹಿಂದೆ ಗೊಣಗಿದ್ದಕ್ಕೆ ಲೆಕ್ಕವಿಲ್ಲ.

2012ರ ಬೇಸಿಗೆಯಲ್ಲಿ ಅವರು ಸವದತ್ತಿ ತಾಲೂಕಿನ ಒಂದು ಹಳ್ಳಿಯ ಕೊಳವೆಬಾವಿಗಳ ನೀರನ್ನು ನಮ್ಮಿಂದ ತರಿಸಿ, ಹೆಚ್ಚಾದರೆ ಹಲ್ಲು, ಮೂಳೆ ಕೆಡಿಸುವ ಫ್ಲೋರೈಡ್ ಎಷ್ಟಿದೆಯೆಂದು ಪರೀಕ್ಷೆ ಮಾಡಿಸಿದರು. ಹೊಸದಾಗಿ ಕೊರೆಸಿದ್ದ ಬಾವಿಯ ನೀರು ಮಾತ್ರ ದಾರಿಯಲ್ಲೇ ಬಾಟಲಿಯಿಂದ ಸೋರಿಹೋಗಿತ್ತು. ಮಾಹಿತಿ ಇಲ್ಲದ ಕಡೆ ಆರ್ ‘ಎನ್‌ಎ’ ಎಂದು ಅಚ್ಚು ಮಾಡುತ್ತದೆ. ಅದು ಹಳ್ಳಿಯವರಿಗೆ ತಿಳಿಯದೆಂದು ನನ್ನ ಸಹಪಾಠಿ ಸಿದ್ಧಾರೂಢ ಆ ಜಾಗ ಖಾಲಿ ಕಾಣುವಂತೆ ಮಾಡಿದ. ಮಿತಿ ಮೀರಿದ ಬಾವಿಗಳ ಮುಂದೆ ‘ಕುಡಿಯಬಾರದು’ ಎಂದಿತ್ತು, ಉಳಿದವುಗಳ ಮುಂದೆ ಬರೀ ಅಂಕಿ. ಕೋಷ್ಟಕ ನೋಡಲು ಚೆಂದವಾಯಿತು, ಮೇಡಂ ಸಹಿ ಹಾಕಿದರು, ನಾವು ಅದನ್ನು ಪಂಚಾಯಿತಿ ಗೋಡೆಗೆ ಅಂಟಿಸಿ ಬಂದೆವು.

ಅಂಟಿಸಿದ್ದು ಜನರಿಗೆ ಅರ್ಥವಾಯಿತೇ ಎಂದು ಹೋಗಿ ನೋಡುವುದು ಮೇಡಂ ಅವರ ರೂಢಿ. ಮರುವಾರ ನಮ್ಮನ್ನು ಕರೆದುಕೊಂಡು ಹೋದರು. ಹೊಸ ಬಾವಿಯ ಹತ್ತಿರ ಗುರವ್ವ ಎಂಬ ಹಿರಿಯ ಹೆಣ್ಣುಮಗಳು ಕೊಡ ತುಂಬುತ್ತಿದ್ದಳು. ಐದು ವರ್ಷದ ಮೊಮ್ಮಗಳು ಶೀತಲ ಬೊಗಸೆಯೊಡ್ಡಿ ನೀರು ಕುಡಿಯುತ್ತಿದ್ದಳು. ಈ ನೀರೇ ಯಾಕೆಂದು ಮೇಡಂ ಕೇಳಿದರು.

“ಇದರ ಮುಂದ ಏನೂ ಬರದಿಲ್ಲಲ್ರಿ ಅಕ್ಕಾರ. ಏನೂ ದೋಷ ಇಲ್ಲಂತ ಊರ ಮಂದೆಲ್ಲಾ ಇದನ್ನ ಕುಡ್ಯಾಕ ಹತ್ತೇವಿ.”

ಸಿದ್ಧಾರೂಢನ ಮುಖ ಬಿಳಿಚಿಕೊಂಡಿತು. ಮೇಡಂ ಅವನ ಕಡೆ ತಿರುಗಿಯೂ ನೋಡಲಿಲ್ಲ. ಸೇರಿದ್ದ ಜನರಿಗೆ ಕೈಮುಗಿದು, “ಸಹಿ ನಂದದ, ತಪ್ಪೂ ನಂದ. ಈ ನೀರಿನ ಪರೀಕ್ಷಾನ ಆಗಿಲ್ಲ. ಆಗೂ ತನಕಾ ಯಾರೂ ಕುಡೀಬ್ಯಾಡ್ರಿ,” ಎಂದರು. ಆಮೇಲೆ ಆ ಉರಿಬಿಸಿಲಿನಲ್ಲಿ ಮನೆಮನೆಗೂ ಹೋಗಿ ಅದನ್ನೇ ಹೇಳಿದರು. ಇಷ್ಟು ದೊಡ್ಡವರು ಇಷ್ಟು ಸಲೀಸಾಗಿ ತಲೆಬಾಗುವುದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಬೆರಗಾಗಿ ಅವರ ಹಿಂದೆ ಹಿಂದೆ ನಡೆದೆ.

ಮೇಡಂ ತಾವೇ ಆ ಬಾವಿಯ ನೀರನ್ನು ಬಾಟಲಿಗೆ ತುಂಬಿ, ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ತಂದು ಪರೀಕ್ಷೆಗೆ ಕೊಟ್ಟರು. ಆ ನೀರಿನಲ್ಲಿ ಫ್ಲೋರೈಡ್ ಮಿತಿಯ ಎರಡರಷ್ಟಿತ್ತು. ಬಾವಿಗೆ ಬೀಗ ಬಿತ್ತು. ಅಂದಿನಿಂದ ನಮ್ಮ ವಿಭಾಗದ ಕೋಷ್ಟಕಗಳಲ್ಲಿ ‘ಪರೀಕ್ಷೆ ಆಗಿಲ್ಲ’ ಎಂದು ಪೂರ್ತಿ ಅಕ್ಷರಗಳಲ್ಲೇ ಅಚ್ಚಾಗುತ್ತದೆ. ಸಿದ್ಧಾರೂಢನನ್ನು ಮೇಡಂ ಒಮ್ಮೆಯೂ ಬೈಯಲಿಲ್ಲ.

ಶೀತಲ ಈಗ ನಮ್ಮಲ್ಲೇ ಬಿ.ಎಸ್ಸಿ. ಓದುತ್ತಾಳೆ. ಇದಾವುದೂ ಅವಳಿಗೆ ಗೊತ್ತಿಲ್ಲ. ಇಲ್ಲಿ ಬರೆದದ್ದಕ್ಕೆ ಮೇಡಂ ನನಗೆ ಬೈಯುವುದು ಖಂಡಿತ. ನಿವೃತ್ತಿಯ ನಂತರ ಅವರು ರಾಮದುರ್ಗದ ಕಡೆಯ ಬಾವಿಗಳನ್ನು ನೋಡಲು ಹೊರಟಿದ್ದಾರೆ. ಅವರ ಕಾಲಿಗೂ ಕಣ್ಣಿಗೂ ಬಲವಿರಲಿ. ಫ್ಲೋರೈಡಿನಿಂದ ಹಲ್ಲು ಕಂದಿ ಬಾಯಿ ಮುಚ್ಚಿಕೊಂಡು ನಗುವ ಮಕ್ಕಳನ್ನು ನಾವು ಎಷ್ಟೋ ಕಂಡಿದ್ದೇವೆ. ಶೀತಲ ತರಗತಿಯಲ್ಲಿ ಬಾಯ್ತುಂಬ ನಕ್ಕಾಗ ಮೇಡಂ ಪಾಠ ನಿಲ್ಲಿಸಿ ಒಂದು ಗಳಿಗೆ ನೋಡುತ್ತಾರೆ. ಅಂಥ ನಗುಗಳನ್ನು ನೋಡುತ್ತ ಅವರು ನೂರ್ಕಾಲ ಬಾಳಲಿ.